ಪಶ್ಚಿಮಕ್ಕೆ ಯಾರು?

ಇವತ್ತು ಬೆಳಿಗ್ಗೆ ಅಬ್ಬಿಗೆರೆಯ ಜೆರಾಕ್ಸ್ ಅಂಗಡಿಯಲ್ಲಿ ಯಾರದೋ ಕಾರ್ಡಿಗೆ ಲ್ಯಾಮಿನೇಷನ್ ಆಗುತ್ತಿತ್ತು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹೊಟ್ಟೆ ಹಳೇ ಅಭ್ಯಾಸದಂತೆ ಉರಿಯತೊಡಗಿತು. ಗ್ಯಾಸ್ಟ್ರಿಕ್ ಅಲ್ಲ. ಮುನಿರಾಜಣ್ಣ.

ಮುನಿರಾಜಣ್ಣ ನಮ್ಮ ಪಕ್ಕದ ಮನೆಯವರು, ಇದೇ ಊರಿನ ಹಳೇ ಒಕ್ಕಲು ಮನೆತನದವರು. ನಾನು ಮಕ್ಕಳಿಗೆ ಎ, ಬಿ ಎಂದು ಗ್ರೇಡ್ ಹಾಕಿ ಹಾಕಿ ನಿವೃತ್ತನಾದ ಮೇಷ್ಟ್ರು. ನಮ್ಮಿಬ್ಬರ ನಡುವೆ ಇರುವುದು ಒಂದು ಕಾಂಪೌಂಡ್ ಗೋಡೆ. ಸರ್ವೆ ನಂಬರ್ ಬದಲಾಗುವುದೂ ಸರಿಯಾಗಿ ಆ ಗೋಡೆಯ ಅಡಿಯಲ್ಲೇ. ಅವರ ಕಡೆಯ ಜಮೀನಿಗೆ, ಹೊಲವನ್ನು ಮನೆ ಕಟ್ಟುವ ಜಾಗವಾಗಿ ಬದಲಿಸುವ ಕನ್ವರ್ಷನ್ ಹಿಂದೆಯೇ ಆಗಿತ್ತು, ನಮ್ಮ ಕಡೆಯದಕ್ಕೆ ಆಗಿರಲಿಲ್ಲ. ಹಾಗಾಗಿ ಪಾಲಿಕೆಯ ಆಸ್ತಿ ದಾಖಲೆಯಲ್ಲಿ ಅವರದು ಎ ಖಾತಾ, ನನ್ನದು ಬಿ. ಕಂದಾಯ ಇಬ್ಬರೂ ಕಟ್ಟುತ್ತೇವೆ, ಕಸದ ಆಟೋ ಇಬ್ಬರ ಮನೆ ಮುಂದೆಯೂ ನಿಲ್ಲುತ್ತದೆ. ಮಹಡಿ ಕಟ್ಟಲು ಮಂಜೂರಾತಿ ಸಿಗುವುದು ಮಾತ್ರ ಅವರಿಗೆ. ಮೇಲೊಂದು ಕೋಣೆ, ಅದರ ತುಂಬ ನನ್ನ ಪುಸ್ತಕ. ನನಗಿದ್ದ ಆಸೆ ಅಷ್ಟೇ.

ನಿಮಗೆ ಹೇಳಲು ನಾಚಿಕೆಯೇನು, ಅಸೂಯೆಯಿಂದ ಬೆಂದುಹೋಗಿದ್ದೆ. ಅವರ ನುಗ್ಗೆಮರ ನಮ್ಮದಕ್ಕಿಂತ ಹೆಚ್ಚು ಕಾಯಿ ಬಿಡುವುದು ಖಾತಾ ಬಲದಿಂದಲೇ ಎನಿಸುತ್ತಿತ್ತು. ಬೀದಿನಾಯಿಯೂ ಅವರ ಗೇಟಿನ ಮುಂದೆಯೇ ಮಲಗುತ್ತಿತ್ತು. ಬಿಸ್ಕತ್ತು ಹಾಕಿ ಈ ಕಡೆ ಕರೆದೆ. ತಿಂದು, ವಾಪಸ್ ಹೋಗಿ ಅಲ್ಲೇ ಮಲಗಿತು.

ಹೋದ ವರ್ಷ ಎಲ್ಲರೂ ಹಳೇ ಖಾತಾವನ್ನು ಕಂಪ್ಯೂಟರಿಗೆ ಏರಿಸಿ ಇ-ಖಾತಾ ಮಾಡಿಸಲು ಓಡಾಡುತ್ತಿದ್ದಾಗ ಮುನಿರಾಜಣ್ಣ ನಮ್ಮ ಮನೆಗೆ ಬಂದರು. ಚಕ್ಕುಬಂದಿ ಬರೆಸಬೇಕಿತ್ತು. ಅಂದರೆ ಜಾಗದ ನಾಲ್ಕು ದಿಕ್ಕಿಗೆ ಏನಿದೆ, ಯಾರಿದ್ದಾರೆ ಎನ್ನುವ ವಿವರ. ಅವರ ಪಶ್ಚಿಮಕ್ಕೆ ನಾನು. ನನ್ನ ಮನೆಪತ್ರದಲ್ಲಿರುವ ಹಾಗೇ ಪೂರ್ತಿ ಹೆಸರು ಬೇಕೆಂದರು. ಪತ್ರ ಬ್ಯಾಂಕ್ ಲಾಕರಿನಲ್ಲಿದೆ ಎಂದುಬಿಟ್ಟೆ. ಅದು ಇದ್ದದ್ದು ಬೀರುವಿನಲ್ಲಿ, ಹೆಂಡತಿಯ ಸೀರೆಗಳ ಕೆಳಗೆ. ಮೂರು ಸಲ ಬಂದರು, ಮೂರು ಸಲವೂ ಲಾಕರ್ ಮುಚ್ಚಿತ್ತು. ಅವರ ಕೆಲಸ ಸ್ವಲ್ಪ ತಡವಾಗಲಿ ಎಂಬ ಸಣ್ಣ ಬುದ್ಧಿ ನನ್ನದು. ಮಕ್ಕಳಲ್ಲಿ ಇಂಥದ್ದನ್ನು ಕಂಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಒಂದು ತಿಂಗಳ ಮೇಲೆ ಇ-ಖಾತಾ ಕೈಗೆ ಬಂದಿತು. ಲ್ಯಾಮಿನೇಷನ್ ಮಾಡಿಸಿಕೊಂಡು ಅಂಗಡಿಯಿಂದ ನೇರ ನಮ್ಮ ಮನೆಗೇ ಬಂದರು. ಹಾಳೆ ಇನ್ನೂ ಬೆಚ್ಚಗಿತ್ತು. ತಪ್ಪು ಹುಡುಕುವ ಕಣ್ಣಲ್ಲೇ ಓದಿದೆ. ಪಶ್ಚಿಮಕ್ಕೆ: ನನ್ನ ಹೆಸರು, ಇನಿಷಿಯಲ್ ಸಮೇತ. ಎಲ್ಲಿ ಸಿಕ್ಕಿತು ಎಂದು ಕೇಳಿದೆ. ನಮ್ಮ ಗೇಟಿಗೆ ಸಿಕ್ಕಿಸಿದ್ದ ಕರೆಂಟ್ ಬಿಲ್ ನೋಡಿ ಬರೆದುಕೊಂಡರಂತೆ.

“ಹಳೇ ಪತ್ರದಲ್ಲಿ ಖಾಲಿ ಸೈಟು ಅಂತಿತ್ತು ಮೇಷ್ಟ್ರೇ. ಅಂಗೇ ಬಿಟ್ಟಿದ್ರೆ ಕೆಲ್ಸ ಆವತ್ತೇ ಮುಗ್ದೋಗ್ತಿತ್ತು,” ಎಂದರು. “ನೀವು ಇಷ್ಟು ವರ್ಷದಿಂದ ಪಕ್ಕದಲ್ಲೇ ಇರೋವಾಗ ಖಾಲಿ ಅಂತ ಎಂಗೆ ಬರ್ಸ್ಲಿ?”

ಹೆಂಡತಿ ಕಾಫಿ ತಂದಿಟ್ಟು, ಬೀರುವಿನ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡಿ ಒಳಗೆ ಹೋದಳು. ಆಮೇಲೆ ಅಸೂಯೆ ಹೋಯಿತೇ ಎಂದು ಕೇಳಬೇಡಿ. ಅಲ್ಲಿಯವರೆಗೆ ಅವರ ಖಾತಾ ಕಂಡು ಮಾತ್ರ ಉರಿಯುತ್ತಿದ್ದೆ, ಆವತ್ತಿನಿಂದ ಅವರ ಮನಸ್ಸನ್ನು ಕಂಡೂ ಹೊಟ್ಟೆಕಿಚ್ಚು ಶುರುವಾಯಿತು.

ಇವತ್ತು ಅಂಗಡಿಗೆ ಹೋದದ್ದು ನನ್ನ ಬಿ ಖಾತಾವನ್ನೂ ಇ-ಖಾತಾ ಮಾಡಿಸುವ ಅರ್ಜಿಗೆ. ಟೈಪ್ ಮಾಡುವವರು ನನ್ನ ಹಳೇ ಪತ್ರದಲ್ಲಿದ್ದಂತೆ ಪೂರ್ವಕ್ಕೆ ‘ಬೀಳು ಜಮೀನು’ ಎಂದು ಹೊಡೆಯಲು ಹೊರಟಿದ್ದರು. ತಡೆದೆ. ಮುನಿರಾಜಣ್ಣನಿಗೆ ಫೋನ್ ಮಾಡಿ ಅವರ ತಂದೆಯ ಹೆಸರು ಕೇಳಿದೆ. ಯಾಕೆ ಎಂದೂ ಕೇಳದೆ ಹೇಳಿದರು. ಪೂರ್ವಕ್ಕೆ ಅವರ ಹೆಸರನ್ನು, ತಂದೆಯ ಹೆಸರಿನ ಸಮೇತ, ಅಕ್ಷರ ತಪ್ಪಾಗದಂತೆ ಪಕ್ಕದಲ್ಲೇ ನಿಂತು ಬರೆಸಿದೆ.

ಹೊಟ್ಟೆ ಇನ್ನೂ ಸ್ವಲ್ಪ ಉರಿಯುತ್ತಿದೆ. ಯಾರನ್ನು ಕಂಡು ಎನ್ನುವುದಕ್ಕೆ ಈಗ ನನ್ನ ಹತ್ತಿರ ದಾಖಲೆಯೂ ಇದೆ.