ಗಿರಿಜಾ ಟೀಚರ್ ಮತ್ತು ಗ್ರೀಕರು

ಗಿರಿಜಾ ಟೀಚರ್ ಯಾವ ತಿಂಡಿಯನ್ನೂ ನೇರವಾಗಿ ಬಾಯಿಗಿಟ್ಟವರಲ್ಲ. ನಾನು ಕರಿದ ಶಂಕರಪೋಳಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ಇದು ರಾಂಬಸ್ ರೀ. ಗ್ರೀಕರ ಬಾಯಾಗೆ ರಾಂಬೋಸ್ ಅಂದ್ರೆ ಗಿರಗಿರ ತಿರುಗೋದು, ನಮ್ಮ ಬುಗುರಿ ಇದ್ದಂಗೆ” ಎನ್ನುತ್ತಿದ್ದರು. ಗರಿಗರಿಯಾಗಿದೆಯೋ ಇಲ್ಲವೋ, ಅದರ ಬಗ್ಗೆ ಒಂದು ಮಾತಿಲ್ಲ.

ದಾವಣಗೆರೆಯಲ್ಲಿ ನಮ್ಮ ಎದುರು ಮನೆಗೆ ಬಾಡಿಗೆಗೆ ಬಂದ ರಿಟೈರ್ಡ್ ಮ್ಯಾಥ್ಸ್ ಟೀಚರ್. ಎತ್ತರದ ಆಳು, ಇಡೀ ಕ್ಲಾಸಿಗೆ ಕೇಳುವಂಥ ದನಿ. ನೀರಿನಲ್ಲಿ ಬೆರಳದ್ದಿ ನನ್ನ ಡೈನಿಂಗ್ ಟೇಬಲ್ ಮೇಲೆ ತ್ರಿಕೋನ ಬರೆಯುತ್ತಿದ್ದರು. ನಾನು ಹಿಂದೆಯೇ ಒರೆಸುತ್ತಿದ್ದೆ.

ನಮ್ಮ ಮನೆಯವರು ಮಿಲ್ಲಿನಲ್ಲಿ ಇಂಜಿನಿಯರ್ ಆಗಿದ್ದವರು. ನನ್ನ ಹತ್ತಿರ “ಹೂಂ”, “ಸಾಕು”, “ಲೈಟ್ ಆಫ್ ಮಾಡು” ಅಷ್ಟೇ. ಆದರೆ ಸಂಜೆ ಟೀಚರ್ ಬಂದು ಗೇಟು ಸದ್ದಾದರೆ ಸಾಕು, ತಲೆ ಬಾಚಿಕೊಂಡು ಕೂರುವರು!

“ಐಸಾಸಲೀಸ್ ಅಂದ್ರೆ ಸಮ ಕಾಲಿಂದು, ಸಾಹೇಬ್ರೆ. ನಿಮ್ಮವು ನೋಡ್ರಿ, ಒಂದು ಮಂಡಿ ಒಳಗೆ, ಒಂದು ಹೊರಗೆ. ಗ್ರೀಕರು ನಿಮ್ಮನ್ನ ಪಾಸ್ ಮಾಡಂಗಿಲ್ಲ ಬಿಡ್ರಿ!”

ಇವರು ಕೆಮ್ಮು ಬರುವಷ್ಟು ನಕ್ಕರು. ಅದೇ ಮಂಡಿಗೆ ದಿನಾ ಎಣ್ಣೆ ತಿಕ್ಕುವವಳು ನಾನು.

ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ತಗೊಂಡವಳು, ಸುಮ್ಮನಿರುತ್ತೇನೆಯೇ? ಮರುದಿನ ಡಿಕ್ಷನರಿಯಲ್ಲಿ ಹುಡುಕಿ, ಇವರಿಗೆ ಕಾಫಿ ಕೊಡುತ್ತಾ ಸ್ಟೈಲಾಗಿ ಹೇಳಿದೆ, “ಟ್ರಪೀಜಿಯಂ ಅಂದ್ರೆ ಗ್ರೀಕಿನಲ್ಲಿ ಪುಟ್ಟ ಟೇಬಲ್, ಯು ನೋ?”

“ಗೊತ್ತು. ನಿನ್ನೆ ಟೀಚರ್ ಹೇಳಿದರಲ್ಲ.”

ಆಮೇಲೆ ಟೀಚರ್ ಬಾತ್‌ರೂಮಿನಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅವರ ತಮ್ಮ ಬಂದು ಹರಿಹರಕ್ಕೆ ಕರೆದುಕೊಂಡು ಹೋದ. ಸಂಜೆಗಳು ಮತ್ತೆ “ಹೂಂ”ಗೆ ಬಂದವು. ಗೆದ್ದೆ ಅಂದುಕೊಂಡಿದ್ದೆ. ಆದರೆ ಇವರು ಖಾಲಿ ಟೇಬಲ್ ನೋಡುತ್ತಾ ಕೂತಿರುವುದನ್ನು ನೋಡಲಾಗಲಿಲ್ಲ.

ಹೋದ ವಾರ ಒಬ್ಬಳೇ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಆ ಎತ್ತರದ ಆಳು ಮಂಚದ ಮೇಲೆ ಅರ್ಧವಾಗಿದ್ದರು. ದನಿ ಮಾತ್ರ ಹಾಗೇ ಇತ್ತು.

“ಬರ್ರಿ ಲೀಲಮ್ಮ, ಕೂಡ್ರಿ. ಸಾಹೇಬ್ರು ಹೆಂಗದಾರ?”

“ಚೆನ್ನಾಗಿದ್ದಾರೆ. ಟೀಚರ್, ಅವರಿಗೆ ನೀವು ಹೇಳದೇ ಇರೋ ಪದ ಯಾವುದಾದರೂ ಉಳಿದಿದೆಯಾ?”

ಅವರು ನನ್ನನ್ನೇ ನೋಡಿದರು. ಎಲ್ಲ ತಿಳಿದವರ ಹಾಗೆ ನಕ್ಕರು. ಅದೂ ನನಗೆ ಸೇರಲಿಲ್ಲ.

“ಐತೆ. ಪ್ರಿಸಂ. ಗರಗಸದಾಗೆ ಕೊಯ್ದಿದ್ದು ಅಂತ ಅರ್ಥ. ತಗೊಂಡು ಹೋಗ್ರಿ, ನೀವೇ ಹೇಳ್ರಿ.”

ಬಸ್ಸಿನುದ್ದಕ್ಕೂ ಅದನ್ನೇ ರಿಹರ್ಸಲ್ ಮಾಡಿದೆ. ಬಾಗಿಲಲ್ಲೇ ಇವರು ನಿಂತಿದ್ದರು. ಮುಖ ಅರಳಿತ್ತು.

“ಗಿರಿಜಾ ಟೀಚರ್ ಏನಂದ್ರು?”

ನನ್ನನ್ನು ನೋಡಿ ಅರಳಿದ್ದಲ್ಲ ಅದು.

“ಏನಿಲ್ಲ” ಅಂದೆ, ಚಪ್ಪಲಿ ಬಿಡುತ್ತಾ. ಇವರು ಇನ್ನೂ ಸ್ವಲ್ಪ ಹೊತ್ತು ಕಾದರು.