ಪಿಕಪ್ಪಿಗೆ ಮೂರೇ ಗೇರು

ವಿಲಾಯಿತಿಯ ಇಲ್ಫರ್ಡಿನ ನಮ್ಮ ಬೀದಿಯಲ್ಲಿ ಮನೆಗಳ ಅಗಲಕ್ಕಿಂತ ನಮ್ಮ ಪಿಕಪ್ಪಿನ ಉದ್ದವೇ ಹೆಚ್ಚು. ಅದರ ಮೂತಿ ನಮ್ಮ ಬಾಗಿಲಲ್ಲಿದ್ದರೆ ಬಾಲ ಪಕ್ಕದ ಮನೆಯವರ ಬಾಗಿಲಲ್ಲಿ. ನಿವೃತ್ತರಾದ ಗಂಡಂದಿರು ಪ್ರಾಣಾಯಾಮಕ್ಕೋ ಗುಲಾಬಿ ಕೃಷಿಗೋ ಶರಣಾಗುತ್ತಾರೆಂದು ಕೇಳಿದ್ದೆ. ನನ್ನವರು ಮಾತ್ರ ಅಮೆರಿಕದಲ್ಲಿ ಹುಟ್ಟಿ, ಹಡಗೇರಿ ಬಂದ ಈ ವಯೋವೃದ್ಧ ವಾಹನಕ್ಕೆ ಮನಸೋತರು. ಅಂದಿನಿಂದ ನಾನು ‘ಮಾರಿಬಿಡ್ರಿ’ ಎಂಬ ಒಂದೇ ಮಂತ್ರವನ್ನು ಕಾಫಿಯ ಜೊತೆಗೂ ಊಟದ ಜೊತೆಗೂ ನಿಷ್ಠೆಯಿಂದ ಜಪಿಸುತ್ತ ಬಂದವಳು.

ಅದರ ಆಟೋಮ್ಯಾಟಿಕ್ ಗೇರ್ ಬಾಕ್ಸಿನಲ್ಲಿ ಮೂರು ಗೇರುಗಳ ಮೇಲೆ ಓವರ್‌ಡ್ರೈವ್ ಎಂಬ ನಾಲ್ಕನೆಯದೊಂದು ವಿರಾಜಮಾನವಾಗಿತ್ತು. ಹೆದ್ದಾರಿಯಲ್ಲಿ ವೇಗ ಹಿಡಿದ ಮೇಲೆ ಎಂಜಿನ್ನಿಗೆ ತುಸು ವಿಶ್ರಾಂತಿ ಕೊಡುವ ಸೌಕರ್ಯವಂತೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳಿ ಈಸ್ಟ್ ಹ್ಯಾಮಿನ ನಮ್ಮವರ ಅಂಗಡಿಗಳಿಂದ ಮೆಂತ್ಯ ಸೊಪ್ಪು ಹೊತ್ತು ತರುವ ಗಾಡಿಗೆ ಈ ವೈಭವ ಯಾಕೆ ಬೇಕಿತ್ತೋ! ಆ ಗೇರ್ ಬಾಕ್ಸಾದರೂ ಮಹಾ ನಾಜೂಕು. ಎಷ್ಟು ರಿಪೇರಿ ಮಾಡಿಸಿದರೂ ಕೆಂಪು ಎಣ್ಣೆ ಸುರಿಸುತ್ತ ಕೊನೆಗೊಂದು ದಿನ ಕೈಚೆಲ್ಲಿತು. ನನ್ನವರು ಅದನ್ನು ಕಿತ್ತು, ಹಳೆಯ ಕಾಲದ ಗಟ್ಟಿಮುಟ್ಟಾದ ಮೂರು ಗೇರಿನದನ್ನು ಹಾಕಿಸಲು ಹೊರಟರು. ಹೊಸದಕ್ಕೆ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟಿನ ಅಳತೆ ಹೊಂದಲಿಲ್ಲ, ಅದನ್ನೂ ಬದಲಿಸಿದ್ದಾಯಿತು. ಗೇರು ತೋರಿಸುವ ಮುಳ್ಳು ಈಗ ಎರಡು ಅಕ್ಷರಗಳ ನಡುವೆ ನಿಲ್ಲುತ್ತದೆ. ಅದರ ಅಭಿಪ್ರಾಯವನ್ನು ನಾವೇ ಊಹಿಸಿಕೊಳ್ಳಬೇಕು.

ಗಾಡಿ ಮನೆಗೆ ಬಂದ ಸಂಜೆ ಅವರು ನನ್ನೆದುರು ಗಂಭೀರವಾಗಿ ನುಡಿದರು: "ಇದೂ ಕೈಕೊಟ್ರ ಮಾರಿಬಿಡ್ತೀನಿ. ಇನ್ನ ನನ್ನ ಕೈಲೆ ಆಗೂದಿಲ್ಲ."

ಅಷ್ಟು ವರ್ಷ ಬಯಸಿದ ವರ ಬಾಗಿಲಿಗೇ ಬಂದಿತ್ತು, ಆದರೆ ಆ ಸೋತ ಮುಖ ನೋಡಿ ನನಗೆ ಸಂತೋಷವೇ ಆಗಲಿಲ್ಲ. ಹೊಸ ವಾಹನಕ್ಕೆ ಮಾಡುವಂತೆ ಅದಕ್ಕೂ ಆರತಿ ಎತ್ತಿ, ನೀರನ್ನು ಚಕ್ರದ ಬಳಿ ಚೆಲ್ಲಿ ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಹಾಲು ತರಲು ಬಾಗಿಲು ತೆರೆದರೆ, ಪಿಕಪ್ಪಿನ ಹೊಟ್ಟೆಯ ಕೆಳಗೆ ಕೆಂಪಗೆ ಮಡುಗಟ್ಟಿದೆ. ಮತ್ತೆ ಎಣ್ಣೆ! ಒಳಗಿನಿಂದ ನೆಲ ಒರೆಸುವ ಬಟ್ಟೆ ತಂದವಳೇ, ಮಂಡಿನೋವನ್ನೂ ಓಡಾಡುವವರ ದೃಷ್ಟಿಯನ್ನೂ ಲೆಕ್ಕಿಸದೆ, ನೈಟಿಯ ಮೇಲೊಂದು ಕೋಟು ಹಾಕಿಕೊಂಡು ರಸ್ತೆಯಲ್ಲಿ ಬೋರಲು ಮಲಗಿ ಒರೆಸತೊಡಗಿದೆ. ಅವರು ಏಳುವುದರೊಳಗೆ ಗುರುತೂ ಉಳಿಯಬಾರದು. ಆಮೇಲೆ ಗ್ಯಾರೇಜಿನವನಿಗೆ ನಾನೇ ಗುಟ್ಟಾಗಿ ಫೋನು ಮಾಡಿದರಾಯಿತು ಎಂದುಕೊಂಡೆ.

"ಏನ್ ಮಾಡಾಕತ್ತೀ?"

ಚಪ್ಪಲಿ ಹಾಕಿದ ಎರಡು ಪರಿಚಿತ ಪಾದಗಳು ಪಕ್ಕದಲ್ಲಿ ನಿಂತಿದ್ದವು. ನಾನು ಬಟ್ಟೆಯನ್ನು ಮುಚ್ಚಿಡುವುದರೊಳಗೆ ಅವರು ಬಗ್ಗಿ ಅದನ್ನು ಕಸಿದುಕೊಂಡು, ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು.

"ಜಿಡ್ಡ ಇಲ್ಲ. ಅರಿಶಿಣದ ವಾಸನಿ ಬರತೈತಿ. ನಿನ್ನಿ ನೀನ ಚೆಲ್ಲಿದ ಆರತಿ ನೀರು ಇದು."

ಅರಿಶಿಣಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡಿದ್ದ ಕೈ ನನ್ನದೇ. ಇಳಿಜಾರಿನಲ್ಲಿ ಹರಿದು ಗೇರ್ ಬಾಕ್ಸಿನ ಕೆಳಗೇ ಹೋಗಿ ನಿಂತಿದೆ! ನಾಚಿಕೆಯಿಂದ ಏಳಲೂ ಆಗದೆ ಅಲ್ಲೇ ಕುಳಿತೆ.

"ಅದಿರಲಿ," ಎಂದರು ಅವರು, ಮೆಲ್ಲಗೆ. "ಎಣ್ಣಿ ಅಂತ ತಿಳಕೊಂಡಿದ್ರ, ನನಗ ಎಬ್ಬಿಸೂದು ಬಿಟ್ಟು ಒರಸಾಕ ಯಾಕ ಹೋದಿ?"

ನಾನು ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡೆ. ಅವರು ಕೈಹಿಡಿದು ನನ್ನನ್ನು ಎಬ್ಬಿಸಿದರು, ಮತ್ತೆ ಬಹಳ ಹೊತ್ತು ಆ ಕೈ ಬಿಡಲಿಲ್ಲ.