ಕಬ್ಬಿಣದ ಸೇತುವೆಯ ಮೇಲೆ ಎದುರಾದ ರಿಕ್ಷಾ

ಕಲ್ಯಾಣದ ಪಕ್ಕದ ಶಹಾಡ್ ದಾಟಿ ಹಳ್ಳಿಗಳ ಕಡೆ ಹೋಗುವಾಗ ನದಿಗೆ ಅಡ್ಡಲಾಗಿ ಬ್ರಿಟಿಷರ ಕಾಲದ ಕಬ್ಬಿಣದ ಸೇತುವೆಯೊಂದಿತ್ತು. ಎರಡೂ ಬದಿಗೆ ತ್ರಿಕೋನಾಕಾರವಾಗಿ ಬಿಗಿದ ಉಕ್ಕಿನ ತೊಲೆಗಳು, ನಡುವೆ ಒಂದೇ ಗಾಡಿ ಹಿಡಿಸುವಷ್ಟು ರಸ್ತೆ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. ನನ್ನ ಅಪ್ಪ ಸರಿಯುವವರಲ್ಲ.

ಉಡುಪಿ ಕಡೆಯವರಾದ ಅವರು ಕಲ್ಯಾಣದಲ್ಲಿ ಹೋಟೆಲು ನಡೆಸುತ್ತಿದ್ದರು, ಮದುವೆ ಅಡುಗೆಯ ಆರ್ಡರನ್ನೂ ಹಿಡಿಯುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ಒಂದು ಬೆಳಿಗ್ಗೆ ಊಟದ ಪಾತ್ರೆಗಳನ್ನು ಟೆಂಪೋಗೆ ಏರಿಸಿ, ಬಡಿಸಲು ನನ್ನನ್ನೂ ಕರೆದುಕೊಂಡು ಹೊರಟರು. ಸೇತುವೆಯ ಮೇಲೆ ಇಪ್ಪತ್ತು ಹೆಜ್ಜೆ ಹೋಗಿರಬಹುದು, ರಿಕ್ಷಾವೊಂದು ಎದುರಾಯಿತು. ಅದು ಹೆಚ್ಚುಕಡಿಮೆ ಪೂರ್ತಿ ದಾಟಿ ಬಂದಿತ್ತು. ಅದರ ಬೆನ್ನಿಗೇ ಮರಳಿನ ಲಾರಿ.

ರಿಕ್ಷಾದವ ಇಳಿದು ಬಂದು ಕೈಮುಗಿದ. "ಸೇಠ್, ಥೋಡಾ ಪೀಛೆ ಲೇಲೋ. ಡಿಲಿವರಿ ಕೇಸ್ ಹೈ." ಸ್ವಲ್ಪ ಹಿಂದೆ ತೆಗೆದುಕೊಳ್ಳಿ, ರಿಕ್ಷಾದಲ್ಲಿ ಹೆರಿಗೆ ನೋವಿನ ಹೆಂಗಸಿದ್ದಾಳೆ ಎಂದು.

ಅಪ್ಪ ಇಂಜಿನ್ ಆಫ್ ಮಾಡಿದರು. "ಅವನೇ ಹೋಗ್ಲಿ ಹಿಂದೆ."

"ಅಪ್ಪ, ಅವನ ಹಿಂದೆ ಲಾರಿ ಉಂಟು."

"ನೀನು ಬಾಯಿ ಮುಚ್ಚಿ ಕೂತ್ಕೊ."

ಆ ಬಸುರಿ ಹೆಂಗಸು ಕೊನೆಗೆ ರಿಕ್ಷಾದಿಂದ ಇಳಿದು, ಜೊತೆಗಿದ್ದ ಅತ್ತೆಯ ತೋಳು ಹಿಡಿದು ನಡೆಯತೊಡಗಿದಳು. ಟೆಂಪೋ ಮತ್ತು ತೊಲೆಗಳ ನಡುವಿನ ಕಿರಿದಾದ ಜಾಗದಲ್ಲಿ ಅವಳ ಹೊಟ್ಟೆ ನಮ್ಮ ಬಾಗಿಲಿಗೆ ಉಜ್ಜಿತು. ನನ್ನ ಕಿಟಕಿಯ ಅಂಚು ಹಿಡಿದು ನಿಂತು ಉಸಿರು ಎಳೆದುಕೊಂಡಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ನಾನು ಗಾಜು ಏರಿಸಿದೆ.

ಅಷ್ಟರಲ್ಲಿ ಲಾರಿಯ ಡ್ರೈವರ್ ಕಬ್ಬಿಣದ ಸರಳು ಹಿಡಿದು ಬಂದ. ಅಪ್ಪ ರಿವರ್ಸ್ ತೆಗೆದರು. ಅರ್ಧ ನಿಮಿಷದ ಕೆಲಸ. ಅವಳು ಆಗಲೇ ಸೇತುವೆ ದಾಟಿ ರಸ್ತೆಬದಿಯಲ್ಲಿ ಕುಸಿದಿದ್ದಳು. ಒಂದಿಬ್ಬರು ಹೆಂಗಸರು ಸೀರೆ ಅಡ್ಡ ಹಿಡಿಯುತ್ತಿದ್ದರು. ರಿಕ್ಷಾ, ಲಾರಿ ದಾಟಿದ್ದೇ ನಾವು ಹೊರಟೆವು.

ಮಧ್ಯಾಹ್ನ ವಾಪಸು ಬರುವಾಗ ಅಪ್ಪ ಸೇತುವೆಯ ಬಳಿಯ ಚಹಾದಂಗಡಿಯಲ್ಲಿ ನಿಲ್ಲಿಸಿ ವಿಚಾರಿಸಿದರು. "ಮುಲ್ಗಾ ಹೋತಾ. ಗೇಲಾ," ಎಂದಳು ಅಂಗಡಿಯವಳು. ಗಂಡು ಮಗು, ಉಳಿಯಲಿಲ್ಲ. ತಾಯಿಯನ್ನು ಆಸ್ಪತ್ರೆಗೆ ಒಯ್ದಿದ್ದರು. ಅಪ್ಪ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡರು.

"ನೋವು ಜೋರಾದ ಮೇಲೆ ಮನೆಯಿಂದ ಹೊರಡ್ತಾವೆ. ಬುದ್ಧಿ ಬೇಡ್ವಾ?" ಎಂದರು, ಟೆಂಪೋ ಹತ್ತಿದ ಮೇಲೆ.

"ಕೊಂದದ್ದು ನೀವು," ಅಂದೆ.

ಅಪ್ಪ ಗಾಡಿ ನಿಲ್ಲಿಸಿದರು. ಸುತ್ತ ಒಂದು ಮನೆಯೂ ಇರಲಿಲ್ಲ. "ಇಳಿ. ನಡ್ಕೊಂಡು ಬಾ."

ನಾನು ಇಳಿಯಲಿಲ್ಲ. "ತಪ್ಪಾಯ್ತು ಅಪ್ಪ," ಎಂದೆ. ಅದನ್ನು ಎರಡು ಸಲ ಹೇಳಿಸಿ ಗಾಡಿ ಬಿಟ್ಟರು.

ಮನೆಯಲ್ಲಿ ಅಮ್ಮ ಊಟ ಹೇಗಾಯಿತೆಂದು ಕೇಳಿದರು. "ಎಲ್ರೂ ಸಾಂಬಾರು ಮತ್ತೆ ಮತ್ತೆ ಹಾಕಿಸ್ಕೊಂಡ್ರು. ಹೌದಲ್ವಾ?" ಎಂದು ಅಪ್ಪ ನನ್ನ ಕಡೆ ನೋಡಿದರು.

ಹೌದು ಎಂದೆ.